ರೈಟರ್ ಫೋನ್ ರಾತ್ರಿ ಯಾಕೆ ರಿಂಗ್ ಆಗಲಿಲ್ಲ? ಸಕಲೇಶಪುರದ ಒಂದು ಪ್ರಕರಣ

ಈ ಬರಹದಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ತೋಟದ ಹೆಸರಿಲ್ಲ, ಸಿಮ್ ಕಂಪನಿಯ ಹೆಸರೂ ಇಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಸಕಲೇಶಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಮುಂಚೆ ಕೆಲವು ವರ್ಷ ಟವರ್ ಕೆಲಸದಲ್ಲಿದ್ದೆ. ಆ ಅನುಭವ ಇದ್ದೂ ಈ ಪ್ರಕರಣದಲ್ಲಿ ಮೊದಲ ಸಲ ಎಡವಿದೆ. ಬರೆಯುತ್ತಿರುವುದೇ ಅದಕ್ಕೆ.

ಹಿನ್ನೆಲೆ

ತೋಟ ಇರುವುದು ತಾಲ್ಲೂಕಿನ ಘಟ್ಟದ ಅಂಚಿನಲ್ಲಿ. ಬಟ್ಟಲಿನ ಹಾಗೆ ತಗ್ಗಾದ ಜಾಗ. ಸುತ್ತ ಗುಡ್ಡ, ನಡುವೆ ಅರೇಬಿಕಾ ಕಾಫಿ, ಮೇಲೆ ಸಿಲ್ವರ್ ಓಕ್ ನೆರಳು. ದಿಬ್ಬದ ಮೇಲೆ ಯಜಮಾನರ ಬಂಗಲೆ. ಸ್ವಲ್ಪ ಕೆಳಗೆ, ತೋಟದ ಲೆಕ್ಕ ನೋಡುವ ರೈಟರ್ ಮನೆ. ಇನ್ನೂ ಕೆಳಗೆ, ಬಟ್ಟಲಿನ ತಳದಲ್ಲಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮನೆ ಮತ್ತು ಕಾಫಿ ಒಣಗಿಸುವ ಕಣ. ಕಣಕ್ಕೆ ಅಂಟಿಕೊಂಡು ಒಂದು ಸಣ್ಣ ಕೋಣೆ. ಈ ಕೋಣೆಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಕಣದಲ್ಲಿ ನಿಂತರೆ ಎದುರು ಗುಡ್ಡದ ನೆತ್ತಿಯಲ್ಲಿ ಒಂದು ಟವರ್ ಕಾಣುತ್ತದೆ. ರಾತ್ರಿ ಅದರ ಕೆಂಪು ದೀಪ ಮಿನುಗುತ್ತಿರುತ್ತದೆ. ಆದರೆ ಅದು ರೈಟರ್ ಸಿಮ್‌ನ ಕಂಪನಿಯದ್ದಲ್ಲ. ಅವರ ಕಂಪನಿಯ ಟವರ್ ಇರುವುದು ಎರಡು ಗುಡ್ಡದಾಚೆ, ಸುಮಾರು 5 ಕಿಲೋಮೀಟರ್ ದೂರದಲ್ಲಿ.

ರೈಟರ್ ಅಂದರೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ತೋಟದ ಹಾಜರಿ, ಬಟವಾಡೆ, ಲೆಕ್ಕಪತ್ರ ಎಲ್ಲ ಅವರದ್ದೇ. ಇವರಿಗೆ ಈಗ 58. ಇದೇ ತೋಟದಲ್ಲಿ 22 ವರ್ಷ ಕಳೆದಿದ್ದಾರೆ. ಮೊಬೈಲ್ ನಂಬರ್ 15 ವರ್ಷದಿಂದ ಒಂದೇ. ಬ್ಯಾಂಕಿನವರ ಹತ್ತಿರ, ಸೊಸೈಟಿಯವರ ಹತ್ತಿರ, ಆನೆ ಬಂದರೆ ತಿಳಿಸುವ ಫಾರೆಸ್ಟ್‌ನವರ ಹತ್ತಿರ, ಎಲ್ಲ ಕಡೆ ಇರುವುದು ಇದೇ ನಂಬರ್.

ಆ ರಾತ್ರಿ

ಡಿಸೆಂಬರ್. ಕಾಫಿ ಕುಯ್ಲು ಜೋರಾಗಿ ನಡೆಯುತ್ತಿತ್ತು. ರಾತ್ರಿ 11ರ ಸುಮಾರಿಗೆ ಫಾರೆಸ್ಟ್ ವಾಚರ್ ರೈಟರಿಗೆ ಮೂರು ಸಲ ಫೋನ್ ಮಾಡಿದ. ಮೂರು ಸಲವೂ 'ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಅನ್ನುವ ಹೆಣ್ಣು ದನಿ. ವಾಟ್ಸಾಪ್‌ನಲ್ಲೂ ಹಾಕಿದ. ಅದಕ್ಕೂ ಒಂದೇ ಟಿಕ್.

ಒಂದು ಗಂಟೆಗೆ ಆನೆಗಳು ಬೇಲಿ ಮುರಿದುಕೊಂಡು ಒಳಗೆ ಬಂದವು. ಬಾಳೆ ಹೋಯಿತು. ಪಲ್ಪರ್‌ಗೆ ನೀರು ಬರುವ ಪೈಪ್ ಹೋಯಿತು. ಕಣದ ಒಂದು ಮೂಲೆಯಲ್ಲಿ ಟಾರ್ಪಾಲಿನ ಮೇಲೆ ಅಗಲವಾದ ಹೆಜ್ಜೆ ಗುರುತು, ಅದರ ಕೆಳಗೆ ಕಾಫಿ. ಪುಣ್ಯಕ್ಕೆ ಜನಕ್ಕೆ ಏನೂ ಆಗಲಿಲ್ಲ.

ಬೆಳಿಗ್ಗೆ 6 ಗಂಟೆಗೆ ರೈಟರ್ ಕಾಫಿ ಕುಡಿಯಲು ಮನೆಗೆ ಹತ್ತಿ ಹೋದಾಗ ಜೇಬಿನಲ್ಲಿದ್ದ ಫೋನ್ ಟಣ್ ಟಣ್ ಅಂತ ಒಂದೇ ಸಮನೆ ಬಡಿದುಕೊಂಡಿತು. ರಾತ್ರಿಯ ಮೆಸೇಜುಗಳೆಲ್ಲ ಒಟ್ಟಿಗೆ ಬಂದವು.

ಯಜಮಾನರು ಕೇಳಿದ ಒಂದು ಮಾತು ರೈಟರಿಗೆ ಆನೆಗಿಂತ ಜಾಸ್ತಿ ನೋವು ಕೊಟ್ಟಿತು. "ಫೋನ್ ಆಫ್ ಮಾಡಿ ಮಲಗಿದ್ರಾ ರೈಟ್ರೇ?"

ಆಫ್ ಮಾಡಿರಲಿಲ್ಲ. ದಿಂಬಿನ ಪಕ್ಕದಲ್ಲೇ ಇತ್ತು. ಆದರೆ ಸಾಬೀತು ಮಾಡುವುದು ಹೇಗೆ? ಯಾಕೆಂದರೆ ಹಗಲಿನಲ್ಲಿ ಅದೇ ಫೋನಿಗೆ ಎಲ್ಲರ ಕರೆಯೂ ಬರುತ್ತಿತ್ತು.

ಅಂಗಡಿಯಲ್ಲಿ ನಾನು ನೋಡಿದ್ದು

ನನ್ನ ಹತ್ತಿರ ಬರುವಷ್ಟರಲ್ಲಿ ಮನೆಮದ್ದು ಎಲ್ಲ ಮುಗಿದಿತ್ತು. ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ದರು. ಏರೋಪ್ಲೇನ್ ಮೋಡ್ ಹಾಕಿ ತೆಗೆದಿದ್ದರು. ಸಿಮ್ ಹೊರತೆಗೆದು ಪಂಚೆಯಲ್ಲಿ ಒರೆಸಿದ್ದರು.

ರೈಟರ್ ಜೊತೆ ಮಗ ಬಂದಿದ್ದ. ಹಾಸನದಲ್ಲಿ ಡಿಗ್ರಿ ಓದುತ್ತಿರುವ ಹುಡುಗ. ಫೋನ್ ಕೈಗೆ ತಗೊಂಡು ನನ್ನ ನಂಬರಿನಿಂದ ಕರೆ ಮಾಡಿದೆ. ಟಕ್ ಅಂತ ರಿಂಗ್ ಆಯಿತು. ಹತ್ತು ಸಲ ಮಾಡಿದರೂ ಆಯಿತು.

"ನೋಡಿ, ಇಲ್ಲಿ ಎಲ್ಲ ಸರಿಯಾಗೇ ಇರುತ್ತೆ" ಅಂದರು ರೈಟರ್. ದನಿಯಲ್ಲಿ ಬೇಸರ. ಡಾಕ್ಟರ ಮುಂದೆ ಕೂತ ತಕ್ಷಣ ಜ್ವರ ಇಳಿದ ರೋಗಿಯ ಹಾಗೆ.

ಮೊದಲಿಂದ ಹೇಳಿ ಅಂದೆ. ಆಗ ಒಂದು ವಿಷಯ ಹೊರಬಿತ್ತು. ಅಕ್ಟೋಬರ್‌ನಲ್ಲಿ ಅವರು ಕಾಸರಗೋಡಿಗೆ, ಮಗಳ ಮನೆಗೆ ಹೋಗಿದ್ದರು. ತಲಪಾಡಿ ದಾಟುತ್ತಿದ್ದ ಹಾಗೆ ಫೋನ್ ಸತ್ತುಹೋಯಿತು. ಎರಡು ದಿನ ಜೀವ ಇರಲಿಲ್ಲ. ವಾಪಸ್ ಮಂಗಳೂರು ಕಡೆ ಬಂದಮೇಲೆ ತಾನಾಗೇ ಸರಿಯಾಯಿತು. ಸರಿಯಾಯಿತಲ್ಲ ಅಂತ ಎಲ್ಲರೂ ಮರೆತಿದ್ದರು.

ನನಗೆ ಕಿವಿ ನೆಟ್ಟಗಾಯಿತು. ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಆಪರೇಟರ್ ಪುಟ ನೋಡಿದೆ. 'ಆಟೋಮ್ಯಾಟಿಕ್ ಆಗಿ ಆರಿಸು' ಅನ್ನುವುದು ಆಫ್ ಆಗಿತ್ತು. ಯಾರೋ ಕೈಯಾರೆ ನೆಟ್‌ವರ್ಕ್ ಆರಿಸಿದ್ದರು.

ಹುಡುಗನ ಮುಖ ನೋಡಿದೆ. "ನಾನೇ ಅಣ್ಣ" ಅಂದ. "ಗಣೇಶನ ಹಬ್ಬಕ್ಕೆ ಬಂದಿದ್ದೆ. ಮನೇಲಿ ನೆಟ್ ಸ್ಲೋ ಇತ್ತು. ಎದುರಿಗೇ ಟವರ್ ಇದೆ ಅಲ್ವಾ, ಅದನ್ನ ಹಿಡಿಯೋಣ ಅಂತ ಸೆಲೆಕ್ಟ್ ಮಾಡಿದೆ. ಆಗಲ್ಲ ಅಂತು. ಆಮೇಲೆ ನಮ್ಮದನ್ನೇ ವಾಪಸ್ ಸೆಲೆಕ್ಟ್ ಮಾಡಿ ಬಿಟ್ಟೆ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಡುಗ ಮಾಡಿದ್ದು ನಮ್ಮ ಕಡೆ ಬಹಳ ಜನ ಮಾಡುವ ಕೆಲಸ, ಅದರ ಹಿಂದಿನ ತಪ್ಪು ತಿಳಿವಳಿಕೆ ಇನ್ನೂ ಜಾಸ್ತಿ ಜನರದ್ದು.

ಯಾರ ಟವರ್, ಆಮೇಲೆ ಎಷ್ಟು ಜೋರು

ಫೋನ್ ಸುತ್ತ ನೋಡಿ ಯಾವ ಟವರ್ ಜೋರಾಗಿದೆಯೋ ಅದನ್ನು ಹಿಡಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಫೋನ್ ಮೊದಲು ನೋಡುವುದು ಅದು ಯಾರ ಟವರ್ ಅಂತ. ಎಷ್ಟು ಜೋರು ಅನ್ನುವುದು ಆಮೇಲಿನ ಮಾತು.

ಪ್ರತಿ ಟವರ್ ತನ್ನ ಗುರುತಿನ ಸಂಖ್ಯೆಯನ್ನು ಸದಾ ಕೂಗುತ್ತಿರುತ್ತದೆ. ಮೊದಲ 3 ಅಂಕಿ ದೇಶದ್ದು. ಭಾರತದಲ್ಲಿ ಹೆಚ್ಚಾಗಿ 404 ಅಥವಾ 405. ಮುಂದಿನ 2 ಅಥವಾ 3 ಅಂಕಿ ಕಂಪನಿಯದ್ದು. ಸಿಮ್‌ನಲ್ಲೂ ಇಂಥದ್ದೇ ಸಂಖ್ಯೆ ಬರೆದಿರುತ್ತದೆ. ಅದು ಸಿಮ್‌ನ ತವರುಮನೆ ಇದ್ದ ಹಾಗೆ.

ನಮ್ಮ ದೇಶದಲ್ಲಿ ಇನ್ನೊಂದು ಮಾತಿದೆ. ಒಂದೇ ಕಂಪನಿಗೆ ಸರ್ಕಲ್‌ಗೊಂದು ಸಂಖ್ಯೆ. ಸರ್ಕಲ್ ಅಂದರೆ ಟೆಲಿಕಾಂ ಲೆಕ್ಕದ ಪ್ರದೇಶ, ಹೆಚ್ಚುಕಡಿಮೆ ಒಂದು ರಾಜ್ಯ. ಬಿಎಸ್‌ಎನ್‌ಎಲ್ ತಗೊಳ್ಳಿ. ಕರ್ನಾಟಕದಲ್ಲಿ 404-71, ಕೇರಳದಲ್ಲಿ 404-72. ಇದು ಬರೀ ಉದಾಹರಣೆ, ರೈಟರ್ ಸಿಮ್ ಯಾವುದು ಅಂತ ಇದರಿಂದ ಊಹಿಸಬೇಡಿ. ಪರದೆ ಮೇಲೆ ಎರಡು ಕಡೆಯೂ ಕಾಣುವ ಹೆಸರು ಒಂದೇ, ಆದರೆ ಫೋನಿನ ಲೆಕ್ಕದಲ್ಲಿ ಅವು ಎರಡು ಬೇರೆ ಮನೆ.

ಆಟೋಮ್ಯಾಟಿಕ್ ಆಗಿದ್ದರೆ ಫೋನ್ ಮೊದಲು ಹುಡುಕುವುದು ಕೊನೆಯ ಸಲ ಇದ್ದ ನೆಟ್‌ವರ್ಕನ್ನು. ಅದು ಸಿಗದಿದ್ದರೆ ತವರನ್ನು. ಅದೂ ಇಲ್ಲದಿದ್ದರೆ ಸಿಮ್‌ನಲ್ಲಿ ಬರೆದಿಟ್ಟ ಪಟ್ಟಿಗಳನ್ನು. ಗ್ರಾಹಕರು ಸೇರಿಸಿದ ಪಟ್ಟಿ ಮೊದಲು, ಕಂಪನಿ ಸೇರಿಸಿದ್ದು ಆಮೇಲೆ. ಅಲ್ಲೂ ಇಲ್ಲ ಅಂದಾಗ ಮಾತ್ರ ಬೇರೆಯವರ ಬಾಗಿಲು ತಟ್ಟುತ್ತದೆ. ಆಗಲೂ ತಮಾಷೆ ನೋಡಿ. 4ಜಿಯಲ್ಲಿ ಮೈನಸ್ 110 ಡಿಬಿಎಂ (ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ) ಅಥವಾ ಅದಕ್ಕಿಂತ ಚೆನ್ನಾಗಿರುವುದನ್ನೆಲ್ಲ 'ಜೋರು' ಅಂತ ಒಂದೇ ಗುಂಪಿಗೆ ಹಾಕುತ್ತದೆ. ಆ ಗುಂಪಿನೊಳಗೆ ಚೀಟಿ ಎತ್ತಿದ ಹಾಗೆ ಯಾವುದನ್ನಾದರೂ ಮೊದಲು ಕೇಳುತ್ತದೆ. ಅದಕ್ಕಿಂತ ಸಪ್ಪೆ ಇರುವವನ್ನು ಮಾತ್ರ ಜೋರಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸುವುದು.

ಬಾಗಿಲು ತಟ್ಟಿದ ಕೂಡಲೇ ತೆರೆಯುತ್ತದೆ ಅಂತ ಇಲ್ಲ. ಕಂಪನಿಗಳ ನಡುವೆ ಒಪ್ಪಂದ ಇರಬೇಕು. ಇಲ್ಲದಿದ್ದರೆ ಆ ನೆಟ್‌ವರ್ಕ್ 'ನಿನಗೆ ಇಲ್ಲಿ ಜಾಗ ಇಲ್ಲ' ಅನ್ನುತ್ತದೆ. ಹಾಗಂದವರ ಹೆಸರನ್ನು ಫೋನ್ ಸಿಮ್‌ನಲ್ಲೇ ಇರುವ ನಿಷೇಧದ ಪಟ್ಟಿಗೆ ಬರೆದುಕೊಂಡು, ಮತ್ತೆ ತಾನಾಗಿ ಆ ಕಡೆ ಹೋಗುವುದಿಲ್ಲ. ಹಟ ಹಿಡಿದು ನಾವೇ ಆರಿಸಿದರೆ ಮಾತ್ರ ಇನ್ನೊಂದು ಸಲ ಕೇಳುತ್ತದೆ.

ತವರೂ ಸಿಗದೆ, ಬೇರೆಯವರೂ ಸೇರಿಸದೆ ಇದ್ದಾಗ ಕಾಣುವುದೇ 'ತುರ್ತು ಕರೆ ಮಾತ್ರ' ಅನ್ನುವ ಸಾಲು. ಬೇರೆಯವರ ಮನೆಯ ಜಗಲಿ ಮೇಲೆ ಕೂತ ಹಾಗೆ ಅದು. ಒಳಗೆ ಕರೆಯುವುದಿಲ್ಲ, ಊಟ ಹಾಕುವುದಿಲ್ಲ. ಆದರೆ ಜೀವ ಹೋಗುತ್ತಿದೆ ಅಂದರೆ ನೀರು ಕೊಡುತ್ತಾರೆ. 112ಕ್ಕೆ ಮಾಡಿದ ಕರೆ ಹೋಗುವುದು ಹಾಗೆ, ಯಾವ ಕಂಪನಿಯ ಟವರ್ ಆದರೂ ಸರಿ.

ಯಜಮಾನರು ಆಮೇಲೆ ನನ್ನನ್ನು ಇದೇ ವಿಷಯಕ್ಕೆ ತರಾಟೆಗೆ ತೆಗೆದುಕೊಂಡರು. "ಸರ್ಕಾರ ಯಾವ ಟವರ್ ಆದ್ರೂ ಬಳಸಬಹುದು ಅಂತ ಹೇಳಿತ್ತಲ್ಲ?" ಅವರು ಓದಿದ್ದು ಸುಳ್ಳಲ್ಲ. 2025ರ ಜನವರಿಯಲ್ಲಿ ಅಂಥದ್ದೊಂದು ವ್ಯವಸ್ಥೆ ಶುರುವಾಯಿತು. ಆದರೆ ಅದು ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ದುಡ್ಡಿನಲ್ಲಿ ಎದ್ದ 4ಜಿ ಟವರ್‌ಗಳಿಗೆ. ಎಲ್ಲ ಟವರಿಗೂ ಅಲ್ಲ. ಚಂಡಮಾರುತದಂಥ ಅನಾಹುತ ಆದಾಗಲೂ ಸ್ವಲ್ಪ ದಿನಕ್ಕೆ ಹೀಗೆ ಬಾಗಿಲು ತೆರೆಸುತ್ತಾರೆ. ಎದುರು ಗುಡ್ಡದ ಟವರ್ ರೈಟರ್ ಸಿಮ್ಮನ್ನು ಸೇರಿಸಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಕಾಸರಗೋಡಿನ ಕಥೆ ಅರ್ಥವಾಗುತ್ತದೆ ಅಲ್ವಾ? ಹುಡುಗ ಕೈಯಾರೆ ಆರಿಸಿದ್ದು ಕರ್ನಾಟಕದ ಸಂಖ್ಯೆಯನ್ನು. ಕಾಸರಗೋಡಿನಲ್ಲಿ ಎಷ್ಟೇ ಕನ್ನಡ ಇದ್ದರೂ ಟವರ್ ಲೆಕ್ಕಕ್ಕೆ ಅದು ಕೇರಳ ಸರ್ಕಲ್. ಅಲ್ಲಿ ಅದೇ ಕಂಪನಿಯ ಟವರ್‌ಗಳಿದ್ದರೂ ಫೋನ್ ಕರ್ನಾಟಕದ್ದನ್ನೇ ಹುಡುಕುತ್ತಾ ಕೂತಿತ್ತು.

ನಾನು ಎಡವಿದ್ದು

ಆಟೋಮ್ಯಾಟಿಕ್ ಆನ್ ಮಾಡಿದೆ. ಇನ್ನೊಮ್ಮೆ ಕರೆ ಮಾಡಿ ನೋಡಿದೆ. "ಸರಿಹೋಯ್ತು ರೈಟ್ರೇ, ಯಜಮಾನ್ರಿಗೆ ನಾನೇ ಹೇಳ್ತೀನಿ" ಅಂದೆ. ಹೇಳಿಯೂ ಹೇಳಿದೆ. ದುಡ್ಡು ತಗೊಳ್ಳಲಿಲ್ಲ.

ಮೂರನೇ ದಿನ ಯಜಮಾನರ ಫೋನ್. "ಏನಯ್ಯ, ನಿನ್ನೆ ರಾತ್ರಿ ನಾನೇ ಮಾಡಿದೆ. ಅದೇ ರಾಗ, ಅದೇ ಹಾಡು."

ತಪ್ಪು ಎಲ್ಲಿ ಆಯಿತು ಅಂದರೆ, ನನಗೆ ಒಂದು ದೋಷ ಸಿಕ್ಕಿತು. ನಿಜವಾದ ದೋಷವೇ. ಕಾಸರಗೋಡಿಗೆ ಅದೇ ಕಾರಣ. ಆದರೆ ಆನೆ ಬಂದ ರಾತ್ರಿಗೆ ಅದು ಕಾರಣ ಆಗಲು ಸಾಧ್ಯವೇ ಇರಲಿಲ್ಲ. ತೋಟ ಇರುವುದು ಕರ್ನಾಟಕದಲ್ಲಿ, ಆರಿಸಿದ್ದೂ ಕರ್ನಾಟಕದ ನೆಟ್‌ವರ್ಕ್. ಅಲ್ಲಿ ಮ್ಯಾನುಯಲ್ ಇದ್ದರೂ ಒಂದೇ, ಆಟೋ ಇದ್ದರೂ ಒಂದೇ. ಒಂದು ನಿಮಿಷ ಯೋಚಿಸಿದ್ದರೆ ನನಗೇ ಗೊತ್ತಾಗುತ್ತಿತ್ತು. ಕಳ್ಳ ಸಿಕ್ಕ ಖುಷಿಯಲ್ಲಿ ಇವನೇ ಆ ಕಳ್ಳನಾ ಅಂತ ಕೇಳಲಿಲ್ಲ.

ಯಜಮಾನರು ಎರಡು ದಾರಿ ಹೇಳಿದರು. ಒಂದು, ಹೊಸ ಸಿಮ್ ತಗೊಳ್ಳುವುದು. ಇನ್ನೊಂದು, ಆನ್‌ಲೈನಿನಲ್ಲಿ ಸಿಗುವ, ಸಿಗ್ನಲ್ ಜೋರು ಮಾಡುವ ಬೂಸ್ಟರ್ ಯಂತ್ರ ತರಿಸುವುದು. ಬೂಸ್ಟರ್ ಬೇಡವೇ ಬೇಡ ಅಂದೆ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಮೇಲಾಗಿ ಸುತ್ತಲಿನ ಹತ್ತು ಮನೆಯ ನೆಟ್‌ವರ್ಕ್ ಕೆಡಿಸುತ್ತದೆ. ಟವರ್ ಕೆಲಸದಲ್ಲಿದ್ದಾಗ ಅಂಥ ಬೂಸ್ಟರ್ ಹುಡುಕಿಕೊಂಡು ಬೀದಿ ಬೀದಿ ಅಲೆದಿದ್ದೇನೆ. ಹೊಸ ಸಿಮ್ಮಿಗೂ ತಡೆಯಿರಿ ಅಂದೆ. ನಾನೇ ತೋಟಕ್ಕೆ ಬರುತ್ತೇನೆ, ಸಂಜೆ ಹೊತ್ತಿಗೆ ಬರುತ್ತೇನೆ.

ಸಿಮ್ ಬದಲಾಯಿಸಲು ಬಿಡದಿದ್ದದ್ದು ಒಳ್ಳೆಯದಾಯಿತು. ಕೆಲವು ಫೋನ್‌ಗಳಲ್ಲಿ ಹೊಸ ಸಿಮ್ ಹಾಕಿದರೆ ನೆಟ್‌ವರ್ಕ್ ಸೆಟ್ಟಿಂಗ್ ತಾನಾಗೇ ಮೊದಲಿನಂತಾಗುತ್ತದೆ. ಆಗ ಫೋನ್ ಸರಿಹೋಗುತ್ತಿತ್ತು, ಯಾಕೆ ಸರಿಹೋಯಿತು ಅಂತ ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಹುಡುಗ ಬಂದಾಗ ಮತ್ತೆ ಅದೇ ಕಥೆ.

ಕಣದ ಕೋಣೆ

ಭಾನುವಾರ ಸಂಜೆ ಹೋದೆ. ಜೊತೆಗೆ ನನ್ನ ಹಳೆಯ ಫೋನ್, ಅದರಲ್ಲಿ ರೈಟರ್ ಕಂಪನಿಯದ್ದೇ ಒಂದು ಸಿಮ್, ಸಿಗ್ನಲ್ ಅಳೆಯುವ ಆ್ಯಪ್. ಪರದೆ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಾನು ನಂಬುವುದಿಲ್ಲ. ಎಷ್ಟಕ್ಕೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದು ಫೋನ್ ಕಂಪನಿಯ ಇಷ್ಟ. ಡಿಬಿಎಂ ಸಂಖ್ಯೆ ನೋಡಬೇಕು. ಅದು ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರ ಬಂದಷ್ಟೂ ಜೋರು.

ರೈಟರ್ ಮನೆ ಜಗಲಿಯಲ್ಲಿ 4ಜಿ ಮೈನಸ್ 104. ನಡೆಯುತ್ತದೆ. ಕರೆ ಬಂತು, ನೆಟ್ ಬಂತು. "ನೋಡಿ, ಇಲ್ಲಿ ಎಲ್ಲ ಬರುತ್ತಲ್ಲ ರೈಟ್ರೇ" ಅಂದೆ.

"ಇಲ್ಲಿ ಬರುತ್ತಪ್ಪ" ಅಂದರು. "ಆದ್ರೆ ಕುಯ್ಲು ಶುರುವಾದ ಮೇಲೆ ನಾನು ಇಲ್ಲಿ ಎಲ್ಲಿ ಮಲಗ್ತೀನಿ?"

ಆ ಮಾತಿಗೆ ನಾನು ನಿಂತಲ್ಲೇ ನಿಂತೆ. ಕುಯ್ಲಿನ ಕಾಲದಲ್ಲಿ ಕಣದಲ್ಲಿ ಕಾಫಿ ಹರವಿರುತ್ತದೆ. ಕಾವಲಿಗೆ ಯಾರಾದರೂ ಬೇಕು. ಡಿಸೆಂಬರ್ ಮೊದಲ ವಾರದಿಂದ ರೈಟರ್ ಮಲಗುತ್ತಿದ್ದದ್ದು ಕಣದ ಪಕ್ಕದ ಕೋಣೆಯಲ್ಲಿ. ಅಂಗಡಿಯಲ್ಲಿ ನಾನು ಫೋನನ್ನು ಬಿಚ್ಚಿ ನೋಡಲು ತಯಾರಿದ್ದೆ, ಆದರೆ ಇದೊಂದು ಪ್ರಶ್ನೆ ಕೇಳಿರಲಿಲ್ಲ. ಫೋನ್ ಡಿಸೆಂಬರಿನಲ್ಲಿ ಕೆಟ್ಟಿರಲಿಲ್ಲ. ರೈಟರ್ ಹಾಸಿಗೆ ಜಾಗ ಬದಲಿಸಿತ್ತು.

ಕೆಳಗಿಳಿದೆವು. ಇಳಿಜಾರಿನಲ್ಲಿ ಮೈನಸ್ 113. ಕಣದ ಕೋಣೆಯೊಳಗೆ ಮೈನಸ್ 121, ಒಂದು ಕ್ಷಣ ಇದ್ದು ಒಂದು ಕ್ಷಣ ಮಾಯ. ಎದುರಿನ ಟವರ್ ಅದೇ ಜಾಗದಲ್ಲಿ ಮೈನಸ್ 78, ಹಬ್ಬದ ದೀಪದ ಹಾಗೆ ಉರಿಯುತ್ತಿತ್ತು, ನಮಗೆ ಉಪಯೋಗ ಇಲ್ಲ. ಮಳೆಗಾಲಕ್ಕೆ ಮುಂಚೆ, ಮರಗಸಿ ಮಾಡಿದಾಗ (ನೆರಳಿನ ಮರದ ಕೊಂಬೆ ಸವರಿದಾಗ), ಕಣದಲ್ಲೂ ನೆಟ್ ಚೆನ್ನಾಗಿತ್ತು ಅಂತ ರೈಟರ್ ಹೇಳಿದರು. ನಂಬಬಹುದಾದ ಮಾತು. ಎಲೆ ದಟ್ಟವಾದಷ್ಟೂ ಅಲೆ ಸೊರಗುತ್ತದೆ.

ಸರಿ, ಇಲ್ಲಿ 4ಜಿ ಇಲ್ಲ, ಅಷ್ಟೇ ಅಂತ ನಾನು ತೀರ್ಮಾನಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿ ಒಂದು ಫೋನ್ ರಿಂಗ್ ಆಯಿತು. ಮೇಸ್ತ್ರಿಯ ಕೀಪ್ಯಾಡ್ ಫೋನ್. ಅವರು ಕೋಣೆ ಬಾಗಿಲಿಗೆ ಒರಗಿಕೊಂಡು ಆರಾಮಾಗಿ ಮಾತಾಡಿದರು.

"ಮೇಸ್ತ್ರಿ, ಯಾವ ಸಿಮ್ಮು?"

ರೈಟರದ್ದೇ ಕಂಪನಿ. ಅದೇ ಜಾಗ, ಅದೇ ಕಂಪನಿ. ಮೇಸ್ತ್ರಿಯ ಎರಡು ಸಾವಿರದೊಳಗಿನ ಫೋನಿಗೆ ಕರೆ ಬರುತ್ತದೆ, ರೈಟರ ಹದಿನೈದು ಸಾವಿರದ ಫೋನಿಗೆ ಬರುವುದಿಲ್ಲ.

ಆ್ಯಪ್ ತೆಗೆದು 2ಜಿ ನೋಡಿದೆ. ಮೈನಸ್ 89. ಕರೆಗೆ ಧಾರಾಳ ಸಾಕು. ಒಂದು ಮಾತು: 4ಜಿಯ ಸಂಖ್ಯೆಯನ್ನೂ 2ಜಿಯ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಎರಡನ್ನೂ ಅಳೆಯುವ ರೀತಿ ಬೇರೆ. ನೋಡಬೇಕಾದ್ದು ಆಯಾ ಅಳತೆಯಲ್ಲಿ ಅದು ಸಾಕಾ, ಸಾಲದಾ ಅಂತ ಮಾತ್ರ. ಅವರ ಕಂಪನಿಯ 2ಜಿ ಇಲ್ಲಿ 900 ಮೆಗಾಹರ್ಟ್ಸ್‌ನಲ್ಲಿದೆ. ಕಡಿಮೆ ಮೆಗಾಹರ್ಟ್ಸ್‌ನ ಅಲೆ ಮರ, ಗುಡ್ಡದ ಅಂಚನ್ನು ಸ್ವಲ್ಪ ಚೆನ್ನಾಗಿ ದಾಟಿಕೊಂಡು ಬರುತ್ತದೆ. ಹೆಚ್ಚು ಮೆಗಾಹರ್ಟ್ಸ್‌ನ ಅಲೆಗೆ ಅಷ್ಟು ತಾಳ್ಮೆ ಇಲ್ಲ.

ಹಾಗಾದರೆ ರೈಟರ್ ಫೋನ್ ಯಾಕೆ 2ಜಿಗೆ ಇಳಿಯುತ್ತಿಲ್ಲ? ಸುಮ್ಮನೆ ಕೂತಿರುವ ಫೋನ್ ಯಾವಾಗ ಯಾವ ಟವರಿಗೆ ಸರಿಯಬೇಕು ಅಂತ ತಾನೇ ನಿರ್ಧರಿಸುತ್ತದೆ, ಟವರ್ ಸಾರುವ ನಿಯಮದ ಪ್ರಕಾರ. (ಮಾತಾಡುತ್ತಿರುವಾಗ ಹಾಗಲ್ಲ. ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಮಾತಾಡುತ್ತಾ ಇಳಿಯುವಾಗ ನಿಮ್ಮನ್ನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿಸುವುದು ನೆಟ್‌ವರ್ಕ್.) ಸಾಮಾನ್ಯವಾಗಿ 4ಜಿಗೆ ಮೇಲಿನ ಮಣೆ. 2ಜಿ ಎಷ್ಟೇ ಜೋರಾಗಿದ್ದರೂ 4ಜಿ ಕನಿಷ್ಠ ಮಟ್ಟಕ್ಕಿಂತ ಮೇಲಿದ್ದರೆ ಅಲ್ಲೇ ಇರುತ್ತದೆ. ಆ ಮಟ್ಟಕ್ಕಿಂತ ಕೆಳಗಿಳಿದರೆ 2ಜಿಗೆ ಬರಬೇಕು. ಬರಲೇಬೇಕು. ಯಾರಾದರೂ ಬೇಡ ಅಂದಿರದಿದ್ದರೆ.

*#*#4636#*#* ಒತ್ತಿದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದು ಒಳಗಿನ ಒಂದು ಪುಟ ತೆರೆಯುತ್ತದೆ. ಅಲ್ಲಿತ್ತು: 'ಎಲ್‌ಟಿಇ ಓನ್ಲಿ'. ಅಂದರೆ 4ಜಿ ಬಿಟ್ಟು ಬೇರೆ ಏನನ್ನೂ ನೋಡಬೇಡ. ಈ ಫೋನಿನ ಸಾಮಾನ್ಯ ಸೆಟ್ಟಿಂಗ್ಸ್ ಪುಟದಲ್ಲಿ ಇದು ಕಾಣುತ್ತಲೇ ಇರಲಿಲ್ಲ.

ಹುಡುಗನಿಗೆ ಫೋನ್ ಮಾಡಿದೆ. "ಹೌದಣ್ಣ, ಅದೂ ಅವತ್ತೇ ಮಾಡಿದ್ದು. ಸ್ಪೀಡ್ ಜಾಸ್ತಿ ಮಾಡೋ ಟ್ರಿಕ್ ಅಂತ ವಿಡಿಯೋದಲ್ಲಿ ಇತ್ತು. ನೀವು ಅದನ್ನ ಕೇಳಲಿಲ್ಲವಲ್ಲ."

ಕೇಳಿರಲಿಲ್ಲ, ನಿಜ. ಅವನ ಲೆಕ್ಕದಲ್ಲಿ ಅದು ನೆಟ್‌ಗೆ ಸಂಬಂಧಿಸಿದ್ದು, ಕರೆಗಲ್ಲ. ಟ್ರಿಕ್ ಕೆಲಸವನ್ನೂ ಮಾಡಿತ್ತು. ಮನೆಯಲ್ಲಿ ಫೋನ್ 4ಜಿಗೂ 2ಜಿಗೂ ನಡುವೆ ಓಲಾಡುವುದು ನಿಂತು ನೆಟ್ ಚುರುಕಾಯಿತು. ವೋಲ್ಟಿ (4ಜಿ ಮೇಲೇ ಕರೆ ಸಾಗಿಸುವ ವ್ಯವಸ್ಥೆ) ಆನ್ ಇದ್ದದ್ದರಿಂದ ಪೇಟೆಯಲ್ಲಿ, ಜಗಲಿಯಲ್ಲಿ, 4ಜಿ ಇರುವ ಕಡೆಯೆಲ್ಲ ಕರೆಯೂ ಬರುತ್ತಿತ್ತು. ನನ್ನ ಅಂಗಡಿಯಲ್ಲಿ ಎಲ್ಲ ಸರಿ ಕಂಡದ್ದು ಅದಕ್ಕೆ. ಕಣದ ಕೋಣೆಗೆ ಹೋದರೆ 4ಜಿ ಇಲ್ಲ, 2ಜಿಗೆ ಹೋಗಲು ಅಪ್ಪಣೆ ಇಲ್ಲ. ರಾತ್ರಿಯೆಲ್ಲ ಹುಡುಕಿ ಹುಡುಕಿ ಫೋನ್ ಬೆಚ್ಚಗಾಗುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಬ್ಯಾಟರಿ ಅರ್ಧ ಖಾಲಿ ಅಂತ ರೈಟರ್ ಆಗಾಗ ಗೊಣಗುತ್ತಿದ್ದರಂತೆ. ಫೋನ್ ಬಾಯಿ ಬಿಟ್ಟು ಹೇಳುತ್ತಿದ್ದದ್ದು ಅದೊಂದೇ ಸುಳಿವು, ಅದನ್ನೂ ಬ್ಯಾಟರಿ ಹಳೆಯದಾಯಿತು ಅಂತ ತಳ್ಳಿಹಾಕಿದ್ದರು.

ಎಲ್ಲ ಸಿಮ್‌ಗೂ ಈ ಮದ್ದು ನಡೆಯುವುದಿಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. 2016ರಲ್ಲಿ ಶುರುವಾದ ಜಿಯೋಗೆ 2ಜಿ, 3ಜಿ ಮೊದಲಿಂದಲೂ ಇಲ್ಲ. 4ಜಿ ಹೋದರೆ ಇಳಿಯಲು ಅಲ್ಲಿ ಕೆಳಗಿನ ಮೆಟ್ಟಿಲೇ ಇರುವುದಿಲ್ಲ.

ಮಾಡಿದ್ದು, ಬಿಟ್ಟದ್ದು

ಸೆಟ್ಟಿಂಗನ್ನು 4ಜಿ, 3ಜಿ, 2ಜಿ ಎಲ್ಲ ಸೇರಿದ ಆಟೋಗೆ ತಂದೆ. ಈ ಸಲ ಗೆದ್ದೆ ಅಂತ ಹೊರಡಲಿಲ್ಲ. ರೈಟರ್ ಫೋನನ್ನು ಕಣದ ಕೋಣೆಯಲ್ಲಿಟ್ಟು ಬಂಗಲೆಯಿಂದ ಯಜಮಾನರ ಕೈಯಲ್ಲಿ ಹತ್ತು ಸಲ ಕರೆ ಮಾಡಿಸಿದೆ. ಒಂಬತ್ತು ರಿಂಗ್ ಆದವು. ಒಂದು ಆಗಲಿಲ್ಲ. ಆ ಒಂದರ ಹೊತ್ತಿಗೆ ಫೋನ್ ಹೊಸಿಲ ಹತ್ತಿರ ಇತ್ತು. ಅಲ್ಲಿ 4ಜಿ ಒಂದು ಎಳೆ ಸಿಗುತ್ತದೆ. ಫೋನ್ ಮೇಲಕ್ಕೆ ಹತ್ತಲು ಹೋಗುತ್ತದೆ, ಮತ್ತೆ ಇಳಿಯುತ್ತದೆ. ಆ ಹತ್ತಿ ಇಳಿಯುವ ನಡುವೆ ಬಂದ ಕರೆ ತಪ್ಪಿಹೋಗಬಹುದು. ಕೋಣೆಯ ಒಳಗೋಡೆಯ ಗೂಡಿನಲ್ಲಿ ಇಟ್ಟಾಗ ಮತ್ತೆ ಹತ್ತಕ್ಕೆ ಹತ್ತು. ಗೂಡಿನಲ್ಲೇ ಇಡಿ, ಹೊಸಿಲ ಹತ್ತಿರ ಚಾರ್ಜಿಗೆ ಹಾಕಬೇಡಿ ಅಂದೆ. 4ಜಿ ಚೂರೂ ಸಿಗದ ಜಾಗವೇ ಕರೆಗೆ ವಾಸಿ ಅನ್ನುವುದು ಕೇಳುವುದಕ್ಕೆ ವಿಚಿತ್ರ. ಯಜಮಾನರು ಎರಡು ಸಲ ಹೇಳಿಸಿಕೊಂಡರು.

ಇದರ ಬೆಲೆ ನೆಟ್. ಕಣದಲ್ಲಿ ಫೋನ್ 2ಜಿಯಲ್ಲಿದ್ದರೆ ವಾಟ್ಸಾಪ್ ತೆವಳುತ್ತದೆ. ಫಾರೆಸ್ಟ್‌ನವರು ಆನೆ ಎಲ್ಲಿದೆ ಅಂತ ಲೊಕೇಶನ್, ಫೋಟೋ ಕಳಿಸುವುದು ವಾಟ್ಸಾಪಿನಲ್ಲಿ. ಹಾಗಾಗಿ ಎರಡನೇ ಸಿಮ್ ವಿಚಾರ ಬಂತು. ಎದುರು ಗುಡ್ಡದ ಕಂಪನಿಯದ್ದೇ ಒಂದು ಸಿಮ್ ಎರಡನೇ ಜಾಗಕ್ಕೆ ಹಾಕಿ, ನೆಟ್ಟನ್ನು ಅದಕ್ಕೆ ಬಿಟ್ಟು, ಕರೆಯನ್ನು ಹಳೆಯ ನಂಬರಿಗೆ ಇಟ್ಟುಕೊಳ್ಳುವುದು.

ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳಿದ್ದರೆ ವಾಟ್ಸಾಪ್ ಬರುತ್ತಿತ್ತು, ಹಳೆಯ ನಂಬರ್ ರಾತ್ರಿ ಸತ್ತೇ ಇರುತ್ತಿತ್ತು. ವಾಚರ್ ಗಾಬರಿಯಲ್ಲಿ ಒತ್ತುವುದು ಹಳೆಯ ನಂಬರನ್ನೇ. ಹಳೆಯ ನಂಬರನ್ನೇ ಆ ಕಂಪನಿಗೆ ಪೋರ್ಟ್ ಮಾಡೋಣ ಅಂತಲೂ ಯಜಮಾನರು ಅಂದರು. ರೈಟರ್ ಒಪ್ಪಲಿಲ್ಲ. ಬಟವಾಡೆ ದುಡ್ಡು ತರಲು ಅವರು ಬೈಕಿನಲ್ಲಿ ಪೇಟೆಗೆ ಹೋಗುವ ದಾರಿಯಲ್ಲಿ 8 ಕಿಲೋಮೀಟರ್ ಆ ಕಂಪನಿಯ ಟವರ್ ಸಿಗುವುದಿಲ್ಲ, ಇವರದ್ದೇ ಸಿಗುವುದು. ದುಡ್ಡು ಇಟ್ಟುಕೊಂಡು ಬರುವ ದಾರಿಯಲ್ಲಿ ಫೋನ್ ಇರಬೇಕು ಅಂದರು. ಅವರು ಹೇಳಿದ್ದೇ ಸರಿ.

ವಾಚರ್ ಹತ್ತಿರ ಮೇಸ್ತ್ರಿಯ ಕೀಪ್ಯಾಡ್ ನಂಬರನ್ನೂ ಬರೆಸಿದೆವು. ಇಡೀ ಪ್ರಕರಣದಲ್ಲಿ ಖರ್ಚಿಲ್ಲದೆ ಆದ ಅತಿ ಒಳ್ಳೆಯ ಕೆಲಸ ಅದು ಅಂತ ನನ್ನ ಅಭಿಪ್ರಾಯ.

ನನ್ನ ಅಂಗಡಿಯಲ್ಲಿ ಈಗ ನೆಟ್‌ವರ್ಕ್ ದೂರು ತಂದವರಿಗೆ ಕೇಳುವ ಪ್ರಶ್ನೆಗಳೇ ಬದಲಾಗಿವೆ. ಯಾವ ಜಾಗದಲ್ಲಿ ನಿಂತಾಗ ಬರಲ್ಲ? ಅದೇ ಜಾಗದಲ್ಲಿ ಅದೇ ಕಂಪನಿಯ ಬೇರೆ ಫೋನಿಗೆ ಬರುತ್ತಾ? ಫೋನಿಗೆ ಯಾರಾದರೂ ಏನಾದರೂ 'ಟ್ರಿಕ್' ಮಾಡಿದ್ದಾರಾ, ಕರೆಗೆ ಸಂಬಂಧ ಇಲ್ಲದ್ದಾದರೂ ಸರಿ? ಒಂದು ದೋಷ ಸಿಕ್ಕಾಗ, ಇದರಿಂದ ಆ ತೊಂದರೆ ನಿಜವಾಗಿ ಆಗಬಹುದಾ ಅಂತ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಮಲೆನಾಡಿನವರಿಗೆ ಇನ್ನೊಂದು ಕೇಳುತ್ತೇನೆ, ರಾತ್ರಿ ಎಲ್ಲಿ ಮಲಗ್ತೀರಿ ಅಂತ. ಕೆಲವರು ವಿಚಿತ್ರವಾಗಿ ನೋಡುತ್ತಾರೆ.

ಜನವರಿ ಕೊನೆಯಲ್ಲಿ ಒಂದು ರಾತ್ರಿ ವಾಚರ್ ಫೋನ್ ಬಂತಂತೆ, ಮೊದಲ ರಿಂಗಿಗೇ. ಪಟಾಕಿ, ಟಾರ್ಚ್ ಹಿಡಿದು ಲೈನ್ ಮನೆಯ ಕೂಲಿಯವರನ್ನೆಲ್ಲ ಎಬ್ಬಿಸಿದರು. ಆನೆಗಳು ಆ ಕಡೆ ಬರಲೇ ಇಲ್ಲ, ಪಕ್ಕದ ತೋಟದ ಮೇಲೆ ಹಾದು ಹೋದವು.

ಎರಡನೇ ಸಿಮ್ಮಿಗೆ ರೀಚಾರ್ಜ್ ಯಾರು ಮಾಡಿಸುವುದು ಅನ್ನುವ ಬಗ್ಗೆ ಸ್ವಲ್ಪ ದಿನ ಮುಸುಕಿನ ಗುದ್ದಾಟ ನಡೆಯಿತು. ರೈಟರ್ ಬಾಯಿ ಬಿಟ್ಟು ಕೇಳಲಿಲ್ಲ, ಯಜಮಾನರು ತಾವಾಗಿ ಹೇಳಲಿಲ್ಲ. ಕೊನೆಗೆ ರೈಟರ್ ತಮ್ಮ ಪುಸ್ತಕದಲ್ಲಿ ಕಣದ ಖರ್ಚಿನ ಕೆಳಗೆ, ಟಾರ್ಪಾಲಿಗೂ ಪಲ್ಪರ್ ಪೈಪಿಗೂ ನಡುವೆ, 'ನೆಟ್‌ವರ್ಕು' ಅಂತ ಒಂದು ಸಾಲು ಬರೆದು ಮೊತ್ತ ಹಾಕಿ ಮುಂದಿಟ್ಟರು. ಯಜಮಾನರು ಓದಿ, ಏನೂ ಮಾತಾಡದೆ ಸಹಿ ಹಾಕಿದರು.